ಹೃದಯ ನಿಲ್ಲಿಸಿ ಬೈಪಾಸೋ, ಮಿಡಿಯುತ್ತಿರುವಾಗಲೋ?

ಪ್ರಶ್ನೆ: ತಂದೆಯವರಿಗೆ 78 ವರ್ಷ, ತೂಕ 46 ಕೆಜಿ, ತುಂಬ ನಿತ್ರಾಣ. ಮೂರು ರಕ್ತನಾಳಗಳಲ್ಲಿ ಬ್ಲಾಕ್ ಇದೆ. ಶಿವಮೊಗ್ಗದ ಒಬ್ಬ ವೈದ್ಯರು ಹೃದಯ ನಿಲ್ಲಿಸಿ ಬೈಪಾಸ್ ಎನ್ನುತ್ತಾರೆ, ಇನ್ನೊಬ್ಬರು ಮಿಡಿಯುವ ಹೃದಯದ ಮೇಲೆಯೇ ಎನ್ನುತ್ತಾರೆ. ಯಾವುದು ಕ್ಷೇಮ?
– ಓದುಗರು, ತೀರ್ಥಹಳ್ಳಿ

ಉತ್ತರ: ವಯಸ್ಸೊಂದನ್ನೇ ನೋಡಿ ತೀರ್ಮಾನಿಸಬೇಡಿ. ಜರ್ಮನಿಯಲ್ಲಿ 75 ದಾಟಿದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷ ಕಳೆದರೂ ಎರಡು ವಿಧಾನಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮುಖ್ಯವಾಗಿ ನೋಡಬೇಕಾದ್ದು ಮಹಾಧಮನಿ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ. ಅದರ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿದ್ದರೆ, ಹೃದಯ ನಿಲ್ಲಿಸಿದಾಗ ಅದರ ಕೆಲಸ ಮಾಡುವ ಯಂತ್ರದ (ಪಂಪಿನ) ಕೊಳವೆ ತೂರಿಸಿ, ನಾಳ ಮುಚ್ಚುವ ಇಕ್ಕುಳ (ಕ್ಲಾಂಪ್) ಬಿಗಿಯುವಾಗ ಚೂರು ಕಳಚಿ ಮಿದುಳಿಗೆ ಹೋಗಬಹುದು. ಪಾರ್ಶ್ವವಾಯು ಆಗುವುದು ಹೀಗೆ. ಎದೆಗೋಡೆಯ ಒಳಗಿನ ಧಮನಿಗಳನ್ನೇ ಮಿಡಿಯುವ ಹೃದಯಕ್ಕೆ ಜೋಡಿಸಿದರೆ ಮಹಾಧಮನಿಯನ್ನು ಮುಟ್ಟುವ ಪ್ರಮೇಯವೇ ಇಲ್ಲ. ಆದ್ದರಿಂದ ಎದೆಯ ಸಿಟಿ ಸ್ಕ್ಯಾನ್ ಬೇಕೇ ಎಂದು ಖಂಡಿತ ಕೇಳಿ. ಸಣ್ಣ ಮೈಯವರಲ್ಲಿ ಪಂಪಿಗೆ ತುಂಬುವ ದ್ರಾವಣದಿಂದ ರಕ್ತ ತೆಳುವಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ. ರಕ್ತ ಕೊಡಬೇಕಾಗಿ ಬರುವುದು ಹೆಚ್ಚು.

ಇನ್ನೊಂದು ಮಗ್ಗುಲೂ ಇದೆ. ಹಿಂಬದಿಯ ನಾಳಕ್ಕೆ ಹೊಲಿಗೆ ಹಾಕಲು ಮಿಡಿಯುವ ಹೃದಯವನ್ನು ಎತ್ತಿ ತಿರುಗಿಸಿದಾಗ ಬಿಪಿ ಕುಸಿಯಬಹುದು. ಆಗ ತುರ್ತಾಗಿ ಪಂಪಿಗೆ ಹಾಕುವುದೇ ಎಲ್ಲಕ್ಕಿಂತ ಅಪಾಯ. ಮಿಡಿಯುವ ಹೃದಯದ ಮೇಲಿನ ಬೈಪಾಸನ್ನು ದಿನನಿತ್ಯ ಮಾಡುವ ತಂಡವಿದ್ದರೆ ಮಾತ್ರ ಒಪ್ಪಿ.

ನಿತ್ರಾಣ ಎಷ್ಟೆಂದು ಮನೆಯಲ್ಲೇ ನೋಡಬಹುದು: ಮಾಮೂಲಿ ನಡಿಗೆಯಲ್ಲಿ 5 ಮೀಟರ್‌ಗೆ 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅಪಾಯ ಹೆಚ್ಚು. ಅದನ್ನು ವೈದ್ಯರಿಗೆ ಹೇಳಿ, ಸ್ಟೆಂಟ್ ಸಾಧ್ಯವೇ ಎಂದೂ ಕೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ 5 ದಿನ ಮೊದಲೇ ನಿಲ್ಲಿಸುತ್ತಾರೆ; ವೈದ್ಯರು ಹೇಳದೆ ನೀವಾಗಿ ಯಾವ ಮಾತ್ರೆಯನ್ನೂ ಬಿಡಿಸಬೇಡಿ.