ತೋಟದ ಪ್ರಶ್ನೋತ್ತರ: ಆರ್ಟಿಚೋಕ್ ಗಿಡ ಹುಲುಸಾಗಿದೆ, ಮೊಗ್ಗು ಮಾತ್ರ ಇಲ್ಲ

ಪ್ರಶ್ನೆ: ಹೋದ ಡಿಸೆಂಬರ್‌ನಲ್ಲಿ ಹಿತ್ತಲಲ್ಲಿ ಆರ್ಟಿಚೋಕ್ ಬೀಜ ಹಾಕಿದ್ದೆ. ಗಿಡ ಸೊಂಟದೆತ್ತರ ಬೆಳೆಯಿತು, ಬೂದು ಬಣ್ಣದ ಎಲೆ ಅಗಲಕ್ಕೆ ಹರಡಿದವು. ಒಂದು ಮೊಗ್ಗೂ ಬರಲಿಲ್ಲ. ಮೇ ತಿಂಗಳಲ್ಲಿ ಗಿಡವೇ ಒಣಗಿತು. ಗೊಬ್ಬರ ಕಡಿಮೆಯಾಯಿತೇ?
*– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ*

ಉತ್ತರ: ಗೊಬ್ಬರ ಸಾಕಾಗಿದೆ, ಚಳಿ ಸಾಕಾಗಿಲ್ಲ. ಆರ್ಟಿಚೋಕ್‌ನಲ್ಲಿ ತಿನ್ನುವುದು ಅರಳದ ಹೂಮೊಗ್ಗನ್ನು. ಮೆಡಿಟರೇನಿಯನ್ ಕಡೆಯ ಈ ಗಿಡ ಎಳೆಯದಿರುವಾಗ 10 ಡಿಗ್ರಿಗಿಂತ ಕೆಳಗಿನ ತಂಪು ಒಂದಿಷ್ಟು ತಾಸು ಸಿಕ್ಕರಷ್ಟೇ ಹೂದಂಟು ಎತ್ತುತ್ತದೆ. ಬೇಗ ಬರುವ ‘ಇಂಪೀರಿಯಲ್ ಸ್ಟಾರ್’ ತಳಿಗೆ ಸುಮಾರು 200–250 ತಾಸು ಸಾಕು. ಹಳೆಯ ‘ಗ್ರೀನ್ ಗ್ಲೋಬ್’ಗೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಬೆಳಗಾವಿಯ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 14 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ, ಅಪರೂಪಕ್ಕೆ ಇನ್ನೂ ಇಳಿಯುತ್ತದೆ. ನಿಮ್ಮ ಸಸಿ ಎರಡೆಲೆ ಬಿಡುವಷ್ಟರಲ್ಲಿ ಆ ತಂಪೂ ಮುಗಿದಿತ್ತು.

ಮುಂದಿನ ಸಲ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಬೀಜ ಹಾಕಿ. ತಳಿ ಇಂಪೀರಿಯಲ್ ಸ್ಟಾರ್ ಇರಲಿ. ಬೀಜವನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ವಾರ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ (ಫ್ರೀಜರ್‌ನಲ್ಲಿ ಅಲ್ಲ). ಚಳಿಯ ಲೆಕ್ಕಕ್ಕೆ ಅದರಿಂದ ಸ್ವಲ್ಪ ನೆರವಾಗುತ್ತದೆ. ಆಮೇಲೆ 10 ಸೆಂ.ಮೀ. ಬಟ್ಟಲುಗಳಲ್ಲಿ ಒಂದು ಸೆಂ.ಮೀ. ಆಳಕ್ಕೆ ಊರಿ, ಮಳೆ ಬೀಳದ ಕಡೆ ಇಡಿ. ಹತ್ತರಿಂದ ಹದಿನಾಲ್ಕು ದಿನಕ್ಕೆ ಮೊಳೆಯುತ್ತದೆ. ಬೀಜದಿಂದ ಬಂದ ಅಗಿ ಎಲ್ಲ ಒಂದೇ ತರಹ ಇರುವುದಿಲ್ಲ. ಎಲೆಯಂಚಿನಲ್ಲಿ ಮುಳ್ಳು ಹೆಚ್ಚಿದ್ದವನ್ನೂ ಸೊರಗಿದವನ್ನೂ ಆಗಲೇ ಕಿತ್ತೆಸೆಯಿರಿ. ಬೇಕಾದ್ದಕ್ಕಿಂತ ದುಪ್ಪಟ್ಟು ಹಾಕುವುದು ಅದಕ್ಕೇ. ನಾಲ್ಕೈದು ಎಲೆ ಬಂದಾಗ, ಅಕ್ಟೋಬರ್‌ನಲ್ಲಿ, ಗಿಡದಿಂದ ಗಿಡಕ್ಕೆ ನಾಲ್ಕು ಅಡಿ ಬಿಟ್ಟು ಹಚ್ಚಿ. ಈಗ ಇಷ್ಟು ಜಾಗ ದಂಡ ಅನಿಸುತ್ತದೆ, ಜನವರಿಯಲ್ಲಿ ಅನಿಸುವುದಿಲ್ಲ.

ಪ್ರಶ್ನೆ: ನಾವು ದ್ರಾಕ್ಷಿ ಗೊನಿಗೆ ಹೊಡಿಯೋ ಜಿ.ಎ. ಇದಕ್ಕೂ ನಡೀತದಂತ ಕೇಳೇನಿ. ಖರೇ ಏನ್ರಿ? ಎಷ್ಟು ಹೊಡೀಬೇಕು?
*– ದ್ರಾಕ್ಷಿ ಬೆಳೆಗಾರರು, ತಿಕೋಟಾ*

ಉತ್ತರ: ಖರೇನೇ. ಚಳಿ ಕಡಿಮೆ ಇರುವ ಊರುಗಳಲ್ಲಿ ಅದರ ಕೆಲಸದ ಒಂದು ಪಾಲನ್ನು ಜಿ.ಎ., ಅಂದರೆ ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆ ಚೋದಕ, ಮಾಡಿಕೊಡುತ್ತದೆ. ವಿಜಯಪುರದ ಬಿಸಿಲಿಗೆ ನೀವು ಇದನ್ನು ಬಿಟ್ಟು ಬೆಳೆಯುವುದು ಜೂಜೇ. ಪ್ರಮಾಣ 20 ಪಿಪಿಎಂ, ಅಂದರೆ ಲೀಟರಿಗೆ 20 ಮಿ.ಗ್ರಾಂ. ಒಂದು ಗ್ರಾಂ ಪುಡಿಯನ್ನು ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ (ನೀರಿಗೆ ನೇರ ಹಾಕಿದರೆ ಗಂಟುಗಟ್ಟುತ್ತದೆ), ಆಮೇಲೆ ನೀರು ಬೆರೆಸಿ ಒಂದು ಲೀಟರ್ ಮಾಡಿ. ಈ ದ್ರಾವಣದ 20 ಮಿ.ಲೀ.ಗೆ ನೀರು ಸೇರಿಸಿ ಮತ್ತೆ ಒಂದು ಲೀಟರ್ ಮಾಡಿದರೆ ಹೊಡೆಯಲು ಸಿದ್ಧ. ನಾಲ್ಕಾರು ಗಿಡಕ್ಕೆ ಅಷ್ಟೇ ಸಾಕು. ಗಿಡ ಹಚ್ಚಿದ ಆರು ವಾರಕ್ಕೆ ಮೊದಲ ಸಲ, ಮುಂದೆ ಎರಡು ವಾರಕ್ಕೊಮ್ಮೆ ಎರಡು ಸಲ, ಸಂಜೆ ಹೊತ್ತು, ನಡುವಿನ ಸುಳಿ ತೊಯ್ಯುವ ಹಾಗೆ ಹೊಡೆಯಿರಿ.

ಅಂಗಡಿಯ 0.001 ಪ್ರತಿಶತದ ಬಾಟಲಿ ತಂದು ಲೀಟರಿಗೆ ಒಂದು ಮಿ.ಲೀ. ಹಾಕಿದರೆ ಇಲ್ಲಿ ಏನೂ ಆಗದು. ಆ ದ್ರಾವಣದಲ್ಲೇ 10 ಪಿಪಿಎಂ ಮಾತ್ರ ಇರುತ್ತದೆ. ದ್ರಾಕ್ಷಿಗೆ ಕಲಸಿ ಉಳಿದದ್ದನ್ನು ಅಂದಾಜಿನ ಮೇಲೆ ಸುರಿಯುವುದೂ ಬೇಡ. ಹೆಚ್ಚಾದರೆ ಎಲೆ ತೆಳುವಾಗಿ, ಬಿಳಚಿ, ದಂಟು ಉದ್ದಕ್ಕೆ ಹೋಗಿ ಮೊಗ್ಗು ಸಡಿಲಾಗುತ್ತದೆ.

ಪ್ರಶ್ನೆ: ಎರಿ ಮಣ್ಣಿನಲ್ಲಿ ಹಚ್ಚಿದ ಗಿಡ ತಿಂಗಳೊಳಗೆ ಬುಡ ಕೊಳೆತು ಬಿದ್ದವು. ಕುಸುಬಿಯ ಜಾತಿ ಅಂದಮೇಲೆ ಎರಿಯಲ್ಲಿ ಬರಬೇಕಲ್ಲ?
*– ಓದುಗರು, ಜಮಖಂಡಿ*

ಉತ್ತರ: ಒಂದೇ ಬಳಗ ನಿಜ, ಆದರೆ ಕುಸುಬಿ ಎರಿಯ ಹಸಿಯ ಮೇಲೆ ನೀರಿಲ್ಲದೆ ಬೆಳೆಯುತ್ತದೆ, ಇದಕ್ಕೆ ನೀರು ಕೊಡಲೇಬೇಕು. ಎರಿಗೆ ನೀರು ಬಿಟ್ಟರೆ ಕುಸುಬಿಯ ಬೇರೂ ಕೊಳೆಯುವುದು ನಿಮಗೆ ಗೊತ್ತೇ ಇದೆ. ಒಂದೂವರೆ ಅಡಿ ಎತ್ತರ, ಮೂರಡಿ ಅಗಲದ ಏರು ಮಡಿ ಮಾಡಿ. ಅದಕ್ಕೆ ಎರಡು ಪಾಲು ಮಸಾರಿ (ಕೆಂಪು ಮಣ್ಣು), ಒಂದು ಪಾಲು ಕಳಿತ ತಿಪ್ಪಿಗೊಬ್ಬರ. ಅಗಿಯ ಸುಳಿ ಮಣ್ಣಿನ ಮೇಲೆಯೇ ಇರಲಿ, ಮುಚ್ಚಬೇಡಿ. ನೀರು ಬುಡದಿಂದ ಒಂದು ಗೇಣು ದೂರ ಬಿಡಿ. ಬೆರಳು ಎರಡು ಗೆಣ್ಣು ಇಳಿಸಿದಾಗ ತಂಪು ತಾಗದಿದ್ದರೆ ಮಾತ್ರ. ಮೊಗ್ಗು ಕಂಡ ಮೇಲೆ ಈ ಜಿಪುಣತನ ಬೇಡ: ಆಗ ಒಣಗಿಸಿ ಒಣಗಿಸಿ ನೀರು ಬಿಟ್ಟರೆ ಮೊಗ್ಗಿನ ಒಳಪದರಗಳ ತುದಿ ಕಪ್ಪಾಗುತ್ತದೆ. ರೋಗವೆಂದು ಔಷಧ ಹೊಡೆಯುತ್ತಾರೆ, ಆದರೆ ಕಾರಣ ನೀರಿನ ಏರುಪೇರು.

ಹೇನು ಎಲೆಯ ಕೆಳಗೆ ಕೂತಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಚಿಟಿಕೆ ಸಾಬೂನು ಪುಡಿ ಕಲಸಿ ಎಲೆಯ ಹಿಂಬದಿಗೆ ಹೊಡೆಯಿರಿ.

ಪ್ರಶ್ನೆ: ಮೊಗ್ಗನ್ನು ಯಾವಾಗ ಕೊಯ್ಯಬೇಕು, ತಿನ್ನುವುದು ಯಾವ ಭಾಗ?
*– ಗೃಹಿಣಿ, ನವನಗರ, ಬಾಗಲಕೋಟೆ*

ಉತ್ತರ: ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿದ್ದು, ಹಿಚುಕಿದರೆ ಕಿರ್ರೆಂದು ಸದ್ದು ಮಾಡುವಾಗ. ಕೆಳಗಿನ ಪದರ ಸ್ವಲ್ಪ ಹೊರಗೆ ಬಾಗಿತೋ, ಅದೇ ದಿನ ಕತ್ತರಿಸಿ; ಮೊಗ್ಗಿಗೆ ನಾಲ್ಕು ಬೆರಳು ದಂಟು ಇರುವ ಹಾಗೆ. ಬಿಸಿಲು 30 ಡಿಗ್ರಿ ದಾಟಿದರೆ ಒಂದೆರಡು ದಿನದಲ್ಲೇ ಅರಳಿ ನಾರಾಗುತ್ತದೆ, ನಿಮ್ಮಲ್ಲಿ ಫೆಬ್ರವರಿಯ ಕೊನೆಗೇ. ನಡುವಿನ ದೊಡ್ಡ ಮೊಗ್ಗು ಮೊದಲು. ಕೊಯ್ದ ಮೇಲೆ ಪಕ್ಕದ ದಂಟಿನಲ್ಲಿ ಸಣ್ಣವು ಬರುತ್ತವೆ.

ತುದಿಯ ಕಾಲುಭಾಗ ಕತ್ತರಿಸಿ, ಕೊಯ್ದ ಕಡೆ ಕಪ್ಪಾಗದ ಹಾಗೆ ಲಿಂಬೆ ತಿಕ್ಕಿ, ಉಪ್ಪುನೀರಿನಲ್ಲಿ ಮುಕ್ಕಾಲು ತಾಸು ಕುದಿಸಿ. ಪದರ ಕಿತ್ತು ಬುಡದ ತಿರುಳನ್ನು ಹಲ್ಲಿನಿಂದ ಎಳೆದು ತಿನ್ನಬೇಕು. ನಡುವೆ ಕೂದಲಿನಂಥ ಗೊಂಚಲು ಇರುತ್ತದೆ. ಅದನ್ನು ಚಮಚದಿಂದ ಕೆರೆದೆಸೆಯಿರಿ, ಗಂಟಲಿಗೆ ಸಿಕ್ಕುತ್ತದೆ. ಅದರಡಿಯ ಬಟ್ಟಲಿನಂಥ ಬುಡವೇ ಎಲ್ಲಕ್ಕಿಂತ ರುಚಿ.