ಜೊತೆಯಲ್ಲೇ ಹೋದವರು

‘ಕಳೆದ ಸಂಚಿಕೆಯಲ್ಲಿ, ಎರಡನೇ ಮಹಾಯುದ್ಧದಲ್ಲಿ ಒಂದೇ ಹಡಗಿನಲ್ಲಿದ್ದು ಐವರೂ ಸತ್ತ ಅಮೆರಿಕದ ಸುಲಿವನ್ ಸಹೋದರರ ಕಥೆ ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಾನೂ ಇಬ್ಬರು ಗಂಡುಮಕ್ಕಳ ತಾಯಿ. ಒಂದೇ ಮನೆಯ ಐವರನ್ನು ಒಂದೇ ಹಡಗಿಗೆ ಹಾಕಿದವರಿಗೆ ಬುದ್ಧಿ ಬೇಡ್ವಾ?’

– ಓದುಗರೊಬ್ಬರು, ಚಿಂಚವಾಡ, ಪುಣೆ

ತಾಯೀ, ಹೆತ್ತವರ ಸಂಕಟಕ್ಕೆ ಎದುರು ಮಾತಿಲ್ಲ. ಐವರಲ್ಲಿ ಒಬ್ಬನಾದರೂ ಉಳಿಯಬೇಕಿತ್ತು, ಒಪ್ಪುತ್ತೇನೆ.

ಆದರೆ ಅವರನ್ನು ಯಾರೂ ಹಾಕಲಿಲ್ಲ. ಜಪಾನ್ ದಾಳಿ ಮಾಡಿದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್‌ನಲ್ಲಿ ಗೆಳೆಯನೊಬ್ಬ ಸತ್ತಿದ್ದ. 1942ರ ಜನವರಿಯಲ್ಲಿ ಐವರೂ ನೌಕಾಪಡೆಗೆ ಹೋಗಿ, ‘ಒಟ್ಟಿಗೆ ಇಟ್ಟರೆ ಮಾತ್ರ ಸೇರುತ್ತೇವೆ’ ಎಂದರು. ನವೆಂಬರ್ 13ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಹತ್ತಿರ ಅವರ ಹಡಗು ‘ಜುನೋ’ ಮುಳುಗಿತು. ಸುಮಾರು 700 ಜನರಲ್ಲಿ ಬದುಕಿ ಬಂದವರು 10 ಮಂದಿ. ಹಿರಿಯವನು ಜಾರ್ಜ್ ಆಗಿನ್ನೂ ಜೀವಂತ ಇದ್ದ, ನೀರಲ್ಲಿ ತಮ್ಮಂದಿರನ್ನು ಹುಡುಕುತ್ತಿದ್ದ ಅಂತ ಆ ಹತ್ತು ಜನರಲ್ಲಿ ಕೆಲವರು ಹೇಳಿದ್ದು. ಕೆಲವು ದಿನಕ್ಕೆ ಅವನೂ ಹೋದ. ಇಂಥವನನ್ನು ಬೇರೆ ಹಡಗಿಗೆ ಕಳಿಸಿದ್ದರೆ ಅವನಿಗೆ ನೆಮ್ಮದಿ ಇರ್ತಿತ್ತಾ? ಅಪಾಯದಲ್ಲಿ ಪಕ್ಕಕ್ಕೆ ಅಣ್ಣ ಬೇಕು ಅನ್ನೋದು ತಪ್ಪಲ್ಲ.

1943ರ ಏಪ್ರಿಲ್‌ನಲ್ಲಿ ಅವರ ಹೆಸರಿಟ್ಟ ಹೊಸ ಹಡಗನ್ನು ನೀರಿಗಿಳಿಸಿದವಳು ಅವರ ತಾಯಿಯೇ. ಆ ಮನೆಯ ಹೆಸರು ಉಳಿಯಿತು. ನನ್ನ ಹೊಟ್ಟೆ ಉರಿಯೋದು ನಮ್ಮವರನ್ನು ನೆನೆದಾಗ.

ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಹುಡುಗ ನಿಪ್ಪಾಣಿ ಕಡೆಯವನು. ಅವನ ಮುತ್ತಜ್ಜಿಯ ಅಣ್ಣ, ತಮ್ಮ ಇಬ್ಬರೂ ಮೊದಲನೇ ಮಹಾಯುದ್ಧದಲ್ಲಿ ಮರಾಠಾ ಪಲ್ಟಣದ ಜೊತೆ ಇರಾಕಿನ ಬಸ್ರಾ ಕಡೆ ಹೋದರು. ಬರಲಿಲ್ಲ. ಸತ್ತವರ ನೆನಪಿಗೆ ಬ್ರಿಟಿಷ್ ಸರ್ಕಾರ ಕಳಿಸಿದ ಎರಡು ಕಂಚಿನ ಬಿಲ್ಲೆ ಮಾತ್ರ ಬಂದವು. ಹೋದ ದೀಪಾವಳಿಗೆ ಅವನ ಮನೆಗೆ ಹೋದಾಗ ನೋಡಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಒಳ್ಳೇ ಭಾರ. ಒಂದು ಹೆಂಗಸು, ಒಂದು ಸಿಂಹ, ಉಬ್ಬಿದ ಅಕ್ಷರದಲ್ಲಿ ಹೆಸರು. ಒಂದು ದೇವರ ಗೂಡಿನಲ್ಲಿತ್ತು. ಇನ್ನೊಂದು ಬಹಳ ವರ್ಷ ಹಾಲಿನ ತಂಬಿಗೆಗೆ ಮುಚ್ಚಳವಾಗಿತ್ತಂತೆ, ಸಿಂಹದ ಮುಖ ಸವೆದುಹೋಗಿದೆ. ಹುಡುಗನ ಅಜ್ಜಿಗೆ ಇಂಗ್ಲಿಷ್ ಬರಲ್ಲ. ಸವೆದದ್ದು ತಮ್ಮನದು ಅಂತ ಗುರುತು.

ಬಸ್ರಾದ ಸ್ಮಾರಕದಲ್ಲಿ ಆ ಗುರುತೂ ಇಲ್ಲ. ಅಲ್ಲಿ ಅಧಿಕಾರಿಗಳಿಗೆ ಹೆಸರು, ನಮ್ಮ ಸಿಪಾಯಿಗಳಿಗೆ ಪಲ್ಟಣದ ಮುಂದೆ ಬರೀ ಸಂಖ್ಯೆ. ಈ ಭೇದಭಾವಕ್ಕೆ ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ. ಆ ಸಂಖ್ಯೆಯೊಳಗೆ ಎಷ್ಟು ಜೋಡಿ ಅಣ್ಣತಮ್ಮಂದಿರಿದ್ದಾರೋ, ಯಾರು ಎಣಿಸಿದರು?

ಬ್ರಿಟಿಷರನ್ನು ಬೈದು ಸುಮ್ಮನಾದರೆ ಸಾಲದು. ಮುಂಬೈ, ಪುಣೆಯ ನಮ್ಮ ಕನ್ನಡ ಸಂಘಗಳ ಗೋಡೆ ನೋಡಿ. ಪಂಖಾ ಕೊಟ್ಟವರ ಹೆಸರು ಅಮೃತಶಿಲೆಯಲ್ಲಿದೆ. ಬೆಳಗಾವಿ ಸೀಮೆಯಿಂದ ಪಲ್ಟಣ ಸೇರಿ ಸತ್ತವರ ಒಂದು ಪಟ್ಟಿ ಇದೆಯಾ? ನೀವಾದರೂ ಖಡಕಿ ಪಕ್ಕದಲ್ಲೇ ಇದ್ದೀರಿ. ಅಲ್ಲಿನ ಯುದ್ಧ ಸ್ಮಶಾನಕ್ಕೆ ಒಮ್ಮೆಯಾದರೂ ಹೋಗಿದ್ದೀರಾ? ಬೇಜಾರು ಮಾಡ್ಕೋಬೇಡಿ, ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಾಲು ಕಲ್ಲುಗಳ ಮೇಲಿನ ಹೆಸರನ್ನು ಅವರು ಗಟ್ಟಿಯಾಗಿ ಓದಲಿ.

ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಡುತ್ತಿದ್ದೇನೆ. ನಿಮ್ಮ ಮನೆಯಿಂದ, ಊರಿಂದ ಹೋಗಿ ಬಾರದವರ ಹೆಸರು ಬರೆದು ಕಳಿಸಿ. ಅಣ್ಣತಮ್ಮಂದಿರಾದರೆ ಒಂದೇ ಸಾಲಿನಲ್ಲಿ ಅಚ್ಚು ಹಾಕುತ್ತೇವೆ. ಊರಿನ ಹೆಸರು ಮಾತ್ರ ಮರೀಬೇಡಿ.

– ಸಂಪಾದಕ