ಫಿಫ್ತ್ ವೀಲ್ ಪ್ಲೇಟನ್ನು ಎರಡು ಅಡಿ ಹಿಂದಕ್ಕೆ ಸರಿಸಬಹುದೇ? ಸರಿಸಿದವನ ಉತ್ತರ

ಹಳೆಯ ಪುಲ್ಲರ್ (ಟ್ರೇಲರ್ ಎಳೆಯುವ ಮುಂದಿನ ಗಾಡಿ) ಒಂದಕ್ಕೆ ಬೇರೆ ಕಡೆಯಿಂದ ತಂದ ಟ್ರೇಲರ್ ಜೋಡಿಸಿದ್ದೀರಿ. ತಿರುವಿನಲ್ಲಿ ಟ್ರೇಲರಿನ ಮೂಲೆ ಕ್ಯಾಬಿನ್ನಿನ ಬೆನ್ನಿಗೆ ತಾಗುತ್ತಿದೆ. ಗಿಣಿಗೇರಾದ ಗ್ಯಾರೇಜಿನವರು ಫಿಫ್ತ್ ವೀಲ್ ಪ್ಲೇಟನ್ನು, ಅಂದರೆ ಪುಲ್ಲರಿನ ಬೆನ್ನ ಮೇಲೆ ಟ್ರೇಲರ್ ಕೂರುವ ತಟ್ಟೆಯನ್ನು, ಎರಡು ಅಡಿ ಹಿಂದಕ್ಕೆ ಕೂರಿಸಿಕೊಡುತ್ತೇವೆ ಎಂದಿದ್ದಾರೆ. ಅದನ್ನು ವೆಲ್ಡಿಂಗ್ ಮಾಡಿಸಿದರೆ ಗಟ್ಟಿಯೋ, ಬೋಲ್ಟ್ ಹಾಕಿಸಿದರೆ ಗಟ್ಟಿಯೋ ಎಂಬುದು ನಿಮ್ಮ ಪ್ರಶ್ನೆ. ನನ್ನ ಮಟ್ಟಿಗೆ ಈ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ. ನಾನು ಮಾಡಿಸಿದ ಕೆಲಸ ಕಲ್ಲಿನಷ್ಟು ಗಟ್ಟಿಯಾಗಿತ್ತು. ಗಾಡಿ ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿದ ಮೇಲೂ ಆ ಪ್ಲೇಟು ಕೂತಲ್ಲಿಂದ ಒಂದು ನೂಲು ಅಲುಗಿರಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನನ್ನ ಬಳಿ ಅದಿರು ಹೊಡೆಯುವ ಎರಡು ಟಿಪ್ಪರ್‌ಗಳಿದ್ದವು. ಕಂತು ಕಟ್ಟಲಾಗದೆ ಒಂದನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು, ಇನ್ನೊಂದನ್ನು ಬಂದ ಬೆಲೆಗೆ ಮಾರಿದೆ. ಆಮೇಲೆ ಆರೇಳು ವರ್ಷ ಇನ್ನೊಬ್ಬರ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆದು ಒಂದಿಷ್ಟು ಕೂಡಿಟ್ಟು, 2018ರ ಕೊನೆಗೆ ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್ (ತಗಡು ಸುತ್ತಿದ ಉರುಳೆ) ಸಾಗಿಸಲೆಂದು ಸೆಕೆಂಡ್ ಹ್ಯಾಂಡ್ ಪುಲ್ಲರ್ ಒಂದನ್ನು ಕೊಂಡೆ. ಅದು ಹಿಂದೆ ಒಂದೇ ಆಕ್ಸಲ್ ಇರುವ ಗಾಡಿ. ಮೂರು ಆಕ್ಸಲ್ಲಿನ ಟ್ರೇಲರ್ ಮತ್ತೊಂದು ಊರಿನಲ್ಲಿ ಸಿಕ್ಕಿತು. ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆದಿದ್ದೆ ಎಂಬುದು ನನ್ನ ಹೆಮ್ಮೆಯಾಗಿತ್ತು. ಆದರೆ ಅಳೆದದ್ದು ಕಿಂಗ್‌ಪಿನ್ನಿನಿಂದ (ಟ್ರೇಲರಿನ ಅಡಿಯಲ್ಲಿದ್ದು ಪ್ಲೇಟಿಗೆ ಸಿಕ್ಕಿಕೊಳ್ಳುವ ಪಿನ್) ಟ್ರೇಲರಿನ ಮುಂಭಾಗದ ಅಂಚಿಗೆ, ನೇರವಾಗಿ. ನೇರ ಅಳತೆ ಒಂದು ಮೀಟರ್ ಇದ್ದರೆ, ಎರಡೂವರೆ ಮೀಟರ್ ಅಗಲದ ಟ್ರೇಲರಿನ ಮೂಲೆಗೆ ಓರೆಯಾಗಿ ಅಳೆದಾಗ ಅದು 1.6 ಮೀಟರ್ ಆಗುತ್ತದೆ, ಗಾಡಿ ತಿರುಗುವಾಗ ಕ್ಯಾಬಿನ್ನಿನ ಕಡೆಗೆ ಬೀಸಿ ಬರುವುದು ಆ ಮೂಲೆಯೇ. ಮೊದಲ ಟ್ರಿಪ್ಪಿನಲ್ಲೇ ಮೂಲೆ ಬಡಿದು ಬ್ರೇಕಿನ ಗಾಳಿ ಪೈಪು ಹರಿಯಿತು.

ಅಲ್ಲಿಗೆ ಟ್ರೇಲರ್ ಹಿಂತಿರುಗಿಸಿದ್ದರೆ ನನಗಾಗುತ್ತಿದ್ದ ನಷ್ಟ ನಲವತ್ತು ಸಾವಿರ ರೂಪಾಯಿಯ ಮುಂಗಡ, ಅಷ್ಟೇ. ಬದಲಿಗೆ ನಾನು ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಎರಡೂ ಕಡೆಯ ಚಾಸಿಗೆ ಹೊಸ ಆ್ಯಂಗಲ್ ಕೊಟ್ಟು, ದಪ್ಪ ತಗಡಿನ ಬೇಸ್ ಕೂರಿಸಿ, ಹೈ ಟೆನ್ಸೈಲ್ ಬೋಲ್ಟ್‌ಗಳನ್ನು ಹಾಕಿ ಪ್ಲೇಟನ್ನು ಸರಿಯಾಗಿ ಎರಡು ಅಡಿ ಹಿಂದಕ್ಕೆ ತಂದ. ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚಿಗೆ ತೂತು ಕೊರೆಯಬಾರದು, ವೆಲ್ಡಿಂಗಿನ ಕಾವು ಕೊಡಬಾರದು, ಕೊರೆಯುವುದಾದರೆ ನಡುವಿನ ನಿಂತ ಪಟ್ಟಿಗೆ ಮಾತ್ರ ಕೊರೆಯಬೇಕು ಎಂಬುದೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನೀವು ಕೇಳಿದ ವೆಲ್ಡಿಂಗ್ ಮತ್ತು ಬೋಲ್ಟಿನ ಪ್ರಶ್ನೆಗೆ ಅದೇ ಉತ್ತರ, ಅದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ.

ಮಾರನೆಯ ವಾರ ಮಂಗಳೂರಿಗೆ ಹೋಗಿ ಬಂದ ನನ್ನ ಡ್ರೈವರ್ ಹೇಳಿದ ಮಾತು ಇಂದಿಗೂ ನೆನಪಿದೆ: "ಸಾವ್ಕಾರ್ರ, ಸ್ಟೇರಿಂಗ್ ಬೆಣ್ಣಿ ಆಗೈತ್ರಿ." ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಅವನೂ ಹೊಗಳಿಕೆಯೆಂದೇ ಹೇಳಿದ್ದ. ಹೊತ್ತ ಗಾಡಿಯ ಸ್ಟೇರಿಂಗ್ ತಾನಾಗಿ ಹಗುರವಾಯಿತು ಎಂದರೆ ಮುಂದಿನ ಗಾಲಿಗಳು ನೆಲವನ್ನು ಒತ್ತಿ ಹಿಡಿಯುತ್ತಿಲ್ಲ ಎಂದರ್ಥ, ಆದರೆ ಹಗುರವಾದದ್ದರ ಮೇಲೆ ಯಾರಾದರೂ ದೂರು ಹೇಳುತ್ತಾರೆಯೇ?

ನನ್ನ ತಪ್ಪು ಇಲ್ಲಿದೆ, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕಂಪನಿಯಿಂದ ಬಂದಾಗ ಆ ಪ್ಲೇಟಿನ ನಡುಭಾಗ ಹಿಂದಿನ ಆಕ್ಸಲ್ಲಿಗಿಂತ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಮುಂದಿತ್ತು. ಎರಡು ಅಡಿ ಸರಿಸಿದ ಮೇಲೆ ಅದು ಆಕ್ಸಲ್ಲಿನ ಹಿಂದಕ್ಕೆ 15 ಸೆಂಟಿಮೀಟರ್ ಹೋಯಿತು. ನಮ್ಮ ಊರಿನವರಿಗೆ ಇದನ್ನು ತಿಳಿಯಲು ಎಂಜಿನಿಯರಿಂಗ್ ಬೇಕಾಗಿಲ್ಲ, ಎತ್ತಿನ ಬಂಡಿ ನೋಡಿದ್ದರೆ ಸಾಕು. ಹತ್ತಿ ಅಂಡಿಗೆಗಳನ್ನು ಅಚ್ಚಿಗಿಂತ ಹಿಂದಕ್ಕೆ ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ. ಚಿಕ್ಕಂದಿನಲ್ಲಿ ಹೀಗೆ ಹೇರಿದ್ದಕ್ಕೆ ಅಪ್ಪನಿಂದ ಬೈಸಿಕೊಂಡವನು ನಾನು, ಆದರೂ ಗ್ಯಾರೇಜಿನಲ್ಲಿ ಅದು ಹೊಳೆಯಲಿಲ್ಲ. ಕಿಂಗ್‌ಪಿನ್ನಿನ ಮೇಲೆ ಹತ್ತು ಟನ್ ಭಾರ ಕೂರುತ್ತದೆ, ಮುಂದಿನ ಮತ್ತು ಹಿಂದಿನ ಆಕ್ಸಲ್ಲಿನ ನಡುವೆ 3.8 ಮೀಟರ್ ಇದೆ ಎಂದಿಟ್ಟುಕೊಳ್ಳಿ. ಪ್ಲೇಟು ಮೊದಲಿನ ಜಾಗದಲ್ಲಿದ್ದರೆ ಆ ಹತ್ತು ಟನ್ನಿನಲ್ಲಿ ಸುಮಾರು 1.2 ಟನ್ ಮುಂದಿನ ಗಾಲಿಗಳಿಗೆ ಸೇರುತ್ತಿತ್ತು. ಹಿಂದಕ್ಕೆ ಹೋದ ಮೇಲೆ ಸೇರುವುದು ಹೋಗಲಿ, ಖಾಲಿ ಪುಲ್ಲರ್ ಮುಂದೆ ಹೊತ್ತಿದ್ದ ಸ್ವಂತ ಭಾರದಿಂದಲೇ 400 ಕೆಜಿಯಷ್ಟನ್ನು ಕಿಂಗ್‌ಪಿನ್ ಎತ್ತಿ ಹಿಡಿಯತೊಡಗಿತು. ಒಟ್ಟು ಲೆಕ್ಕ ಹಾಕಿದರೆ ಮುಂದಿನ ಗಾಲಿಗಳು ಒಂದೂವರೆ ಟನ್ನಿಗೂ ಹೆಚ್ಚು ಭಾರವನ್ನು ಕಳೆದುಕೊಂಡವು. ಅದು ಎಲ್ಲಿಗೆ ಹೋಯಿತು? ಹಿಂದಿನ ಆಕ್ಸಲ್ಲಿಗೆ. ಪುಲ್ಲರಿನ ಸ್ವಂತ ಭಾರವೂ ಸೇರಿ ಮೊದಲು 11 ಟನ್ ಆಸುಪಾಸಿನಲ್ಲಿದ್ದದ್ದು ಹನ್ನೆರಡೂವರೆ ದಾಟಿತು. ನಾಲ್ಕು ಟೈರಿನ ಒಂಟಿ ಆಕ್ಸಲ್ಲಿಗೆ 2018ರ ತಿದ್ದುಪಡಿಯ ಪ್ರಕಾರ ಇರುವ ಮಿತಿ 11.5 ಟನ್.

ಇದರಲ್ಲಿನ ಮೋಸವೇನೆಂದರೆ ಒಟ್ಟು ತೂಕ ಒಂದು ಕೆಜಿಯೂ ಬದಲಾಗುವುದಿಲ್ಲ. ಪ್ರತಿ ಟ್ರಿಪ್ಪಿಗೂ ಪೂರ್ತಿ ಗಾಡಿಯನ್ನು ಕಾಟಾದ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳುತ್ತಿದ್ದೆವು, ಪ್ರತಿ ಚೀಟಿಯೂ ಮಿತಿಯೊಳಗೇ ಇತ್ತು. ಒಂದೇ ಒಂದು ಸಲ ಮುಂದಿನ ಗಾಲಿಗಳನ್ನಷ್ಟೇ ಕಾಟಾಕ್ಕೆ ಹತ್ತಿಸಿ ತೂಗಿದ್ದರೆ ಸಂಗತಿ ತಿಳಿಯುತ್ತಿತ್ತು. ಅದಕ್ಕೆ ಐದು ನಿಮಿಷವೂ ಬೇಕಾಗಿರಲಿಲ್ಲ.

2019ರ ಜೂನ್ ತಿಂಗಳ ಮೊದಲ ಮಳೆ ಬಿದ್ದ ಸಂಜೆ, ತೋರಣಗಲ್ಲಿನಲ್ಲಿ ಕಾಯಿಲ್ ಹೇರಿಕೊಂಡು ಹೊರಟ ಗಾಡಿ ಕುಡಿತಿನಿ ಕಡೆಗೆ ಬರುತ್ತಿತ್ತು. ಈ ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತು, ಬೇಸಿಗೆಯಿಡೀ ಕೂತ ಅದಿರಿನ ಧೂಳು ಮೊದಲ ಹನಿಗೆ ಎಣ್ಣೆ ಬಳಿದ ಹಾಗೆ ಜಾರುತ್ತದೆ, ಜೋರು ಮಳೆಯಾಗಿ ತೊಳೆದು ಹೋದ ಮೇಲೆಯೇ ರಸ್ತೆ ಹಿಡಿತಕ್ಕೆ ಬರುವುದು. ಕಾಮಗಾರಿಗೆಂದು ಮಾಡಿದ್ದ ಡೈವರ್ಷನ್ನಿನಲ್ಲಿ ಎಡಕ್ಕೆ ತಿರುಗಬೇಕಿತ್ತು. ವೇಗವೇನೂ ಇರಲಿಲ್ಲ, ಮೂವತ್ತರ ಒಳಗೆ ಇತ್ತು. ಡ್ರೈವರ್ ಸ್ಟೇರಿಂಗ್ ತಿರುಗಿಸಿದ, ಗಾಲಿಗಳೂ ತಿರುಗಿದವು, ಗಾಡಿ ಮಾತ್ರ ನೇರ ಹೋಯಿತು. ಬ್ಯಾರಿಕೇಡ್ ಮುರಿದು, ಏರಿ ಇಳಿದು, ಹೊಲದ ಬದುವಿಗೆ ಮೂತಿ ಗುದ್ದಿ ನಿಂತಿತು. ಡ್ರೈವರಿನ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಕಾಯಿಲಿನ ಸರಪಳಿ ಹರಿಯಲಿಲ್ಲ. ಹರಿದಿದ್ದರೆ ಇಪ್ಪತ್ತು ಟನ್ನಿನ ಉರುಳೆ ಕ್ಯಾಬಿನ್ನಿನ ಮೇಲೆ ಬರುತ್ತಿತ್ತು, ಆಗ ಈ ಉತ್ತರವನ್ನು ಬರೆಯುವ ಧೈರ್ಯ ನನಗೆ ಇರುತ್ತಿರಲಿಲ್ಲ.

ವಿಮೆಯ ಸರ್ವೇಯರ್ ಬಂದವರು ಮುರಿದ ಭಾಗಗಳನ್ನು ನೋಡುವ ಮೊದಲು ಟೇಪ್ ತೆಗೆದು ಆಕ್ಸಲ್ಲಿನ ನಡುವಿನಿಂದ ಪ್ಲೇಟಿನ ನಡುವಿಗೆ ಅಳೆದರು. ಆಮೇಲೆ ಗಾಡಿಯ ಕಂಪನಿಯ ಅಳತೆ ತರಿಸಿಕೊಂಡರು. ಗಾಡಿಯ ರಿಪೇರಿಗೆಂದು ನಾನು ಹಾಕಿದ್ದ ಕ್ಲೇಮನ್ನು ಅನುಮತಿಯಿಲ್ಲದ ಮಾರ್ಪಾಡು ಎಂಬ ಕಾರಣ ಕೊಟ್ಟು ತಿರಸ್ಕರಿಸಿದರು. ಜಗಳವಾಡಲು ವಕೀಲರ ಬಳಿ ಹೋದೆ. ಅವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ತೆಗೆದು ಮುಂದಿಟ್ಟರು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸಕೂಡದು ಎಂದು ಅದು ಹೇಳುತ್ತದೆ, ಮತ್ತು ಆಕ್ಸಲ್‌ವಾರು ತೂಕ ನಮ್ಮ ನೋಂದಣಿ ವಿವರದಲ್ಲೇ ಇರುತ್ತದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಹೀಗೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ದಂಡ ಸಣ್ಣದು. ನನಗೆ ಬಿದ್ದ ಪೆಟ್ಟು ಒಂಬತ್ತು ಲಕ್ಷದ ರಿಪೇರಿಯದು, ಡ್ರೈವರಿನ ಆಸ್ಪತ್ರೆ ಖರ್ಚಿನದು ಮತ್ತು ಅವನ ಮನೆಗೆ ಎಂಟು ತಿಂಗಳು ಕಳುಹಿಸಿದ ಸಂಬಳದ್ದು; ಈ ಕೊನೆಯದನ್ನು ನಷ್ಟದ ಲೆಕ್ಕಕ್ಕೆ ಬರೆಯಲು ನನಗೆ ನಾಚಿಕೆಯಾಗುತ್ತದೆ.

ಅಮೆರಿಕದಲ್ಲಿ ಪಿಕಪ್ ಗಾಡಿಗಳಿಗೆ ಮನೆಯಂಥ ಟ್ರೇಲರ್ ಕಟ್ಟಿ ಎಳೆಯುವವರ ವೀಡಿಯೊ ನೋಡಿ, ಅವರು ಹಿಚ್ಚನ್ನು (ನಮ್ಮ ಪ್ಲೇಟಿನಂತೆ ಟ್ರೇಲರ್ ಸಿಕ್ಕಿಸುವ ಭಾಗವನ್ನು) ಹಿಂದೆ ಮುಂದೆ ಸರಿಸುತ್ತಾರಲ್ಲ, ನಾವೇಕೆ ಸರಿಸಬಾರದು ಎಂದೂ ಕೇಳಿದ್ದೀರಿ. ಅದನ್ನೇ ಇನ್ನೊಮ್ಮೆ ಗಮನವಿಟ್ಟು ನೋಡಿ. ಹಿಂದಿನ ತೊಟ್ಟಿ ಗಿಡ್ಡವಾಗಿರುವ ಪಿಕಪ್‌ಗಳಲ್ಲಿ ಅವರಿಗೂ ನಮ್ಮದೇ ತೊಂದರೆ, ತಿರುವಿನಲ್ಲಿ ಟ್ರೇಲರ್ ಕ್ಯಾಬಿನ್ನಿಗೆ ತಾಗುತ್ತದೆ. ಅದಕ್ಕಾಗಿ ಜಾರುವ ಹಿಚ್ ಹಾಕಿಸಿಕೊಳ್ಳುತ್ತಾರೆ, ನಿಲ್ಲಿಸುವ ಜಾಗದಲ್ಲಿ ನಿಧಾನಕ್ಕೆ ತಿರುಗಿಸುವಾಗ ಮಾತ್ರ ಅದನ್ನು ಹಿಂದಕ್ಕೆ ಜಾರಿಸಿ, ರಸ್ತೆಗೆ ಹೊರಡುವ ಮುನ್ನ ಮತ್ತೆ ಮುಂದಿನ ಜಾಗಕ್ಕೆ ತಂದು ಬಿಗಿಯುತ್ತಾರೆ. ಹಿಂದಿನ ಜಾಗ ತಿರುಗಿಸಲಿಕ್ಕೆ, ಓಡಿಸಲಿಕ್ಕಲ್ಲ. ನಾನು ಮಾಡಿಸಿದ್ದೂ ನಿಮ್ಮ ಗ್ಯಾರೇಜಿನವರು ಮಾಡಹೊರಟಿದ್ದೂ ಆ ತಿರುಗಿಸುವ ಜಾಗದಲ್ಲೇ ಹಿಚ್ಚನ್ನು ಶಾಶ್ವತವಾಗಿ ಕೂರಿಸುವ ಕೆಲಸ.

ನಮ್ಮಲ್ಲೂ ಕಂಪನಿಯೇ ಜಾರುವ ಪ್ಲೇಟು ಕೊಟ್ಟ ಗಾಡಿಗಳಿದ್ದರೆ, ಅವರು ಗೊತ್ತುಮಾಡಿದ ಗುರುತುಗಳ ನಡುವೆ ಸರಿಸುವುದಕ್ಕೆ ನನ್ನ ತಕರಾರಿಲ್ಲ. ಅದಿಲ್ಲದ ಗಾಡಿಗೆ ನನ್ನ ಸಲಹೆ ಒಂದೇ: ಪುಲ್ಲರ್ ಮುಟ್ಟಬೇಡಿ, ಟ್ರೇಲರ್ ಬದಲಿಸಿ. ಅರ್ಧ ಅಡಿ ಸರಿಸಿದರೆ ಏನಾಗುತ್ತದೆ ಎಂದು ಕೇಳುವಿರಿ. ಗಾಡಿ ತಯಾರಕರ ಬಾಡಿ ಕಟ್ಟುವ ಕೈಪಿಡಿಯಲ್ಲಿ ಎಷ್ಟು ಅವಕಾಶವಿದೆಯೋ ಅಷ್ಟು, ಅದನ್ನು ಅವರಿಂದ ಬರಹದಲ್ಲಿ ಪಡೆದು, ಆರ್‌ಟಿಒ ಕಚೇರಿಯಲ್ಲಿ ತೋರಿಸಿ, ವಿಮೆಯವರಿಗೂ ತಿಳಿಸಿ ಮಾಡಿಸುವುದಾದರೆ ಮಾಡಿಸಿ. ಟ್ರೇಲರಿನ ಕಿಂಗ್‌ಪಿನ್ನನ್ನೇ ಕತ್ತರಿಸಿ ಮುಂದಕ್ಕೆ ವೆಲ್ಡ್ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ. ಆ ಪಿನ್ನನ್ನು ಕಾಯಿಸಿ ಹದಗೊಳಿಸಿದ ಉಕ್ಕಿನಲ್ಲಿ ಮಾಡಿರುತ್ತಾರೆ, ವೆಲ್ಡಿಂಗಿನ ಕಾವು ಆ ಹದವನ್ನು ಕೆಡಿಸುತ್ತದೆ, ಇಡೀ ಟ್ರೇಲರನ್ನು ಎಳೆಯುವುದು ಎರಡು ಇಂಚು ದಪ್ಪದ ಆ ಒಂದು ಪಿನ್ನೇ. ಸೆಕೆಂಡ್ ಹ್ಯಾಂಡ್ ಟ್ರೇಲರಿನಲ್ಲಿ ಹೇಗೂ ಅದರ ಸವೆತ ನೋಡಬೇಕು: ಹೊಸದಾಗಿದ್ದಾಗ 50.8 ಮಿಲಿಮೀಟರ್ ಇರುವ ಕುತ್ತಿಗೆ 49ಕ್ಕೆ ಇಳಿದಿದ್ದರೆ ಪಿನ್ ಬದಲಿಸುವ ಕಾಲ ಬಂದಿದೆ.

ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ನಾಲ್ಕು ಸಂಖ್ಯೆಗಳನ್ನು ಇಲ್ಲಿ ಬರೆದು ಹಾಕಿ. ಹಿಂದಿನ ಆಕ್ಸಲ್ಲಿನ ನಡುವಿನಿಂದ ಈಗಿರುವ ಪ್ಲೇಟಿನ ನಡುವಿಗೆ ಎಷ್ಟು, ಪ್ಲೇಟಿನ ನಡುವಿನಿಂದ ಕ್ಯಾಬಿನ್ನಿನ ಬೆನ್ನಿಗೆ ಎಷ್ಟು, ಕಿಂಗ್‌ಪಿನ್ನಿನಿಂದ ಟ್ರೇಲರಿನ ಮುಂದಿನ ಮೂಲೆಗೆ ಓರೆಯಾಗಿ ಎಷ್ಟು, ಮತ್ತು ಲೋಡ್ ಹೇರಿದ ಗಾಡಿಯ ಮುಂದಿನ ಗಾಲಿಗಳನ್ನಷ್ಟೇ ಕಾಟಾಕ್ಕೆ ಹತ್ತಿಸಿದಾಗ ಬರುವ ತೂಕ ಎಷ್ಟು. ಮೂರನೆಯದು ಎರಡನೆಯದಕ್ಕಿಂತ ದೊಡ್ಡದಿದ್ದರೆ ಆ ಟ್ರೇಲರ್ ನಿಮ್ಮ ಪುಲ್ಲರಿನದಲ್ಲ. ಕೊಟ್ಟವರಿಗೆ ಈ ವಾರವೇ ಫೋನ್ ಮಾಡಿ, ಮುಂಗಡ ಹೋದರೂ ಹೋಗಲಿ.